ಕಂಡಕ್ಟರ ಎಡಗೆನ್ನೆ

ಇವರ ಹೆಸರನ್ನು ನಾನು ಬರೆಯುವುದಿಲ್ಲ. ಬರೆದರೆ ಅವರ ಹೆಂಡತಿ ಮೊದಲ ಬಸ್ಸಿಗೇ ಚನ್ನಗಿರಿಗೆ ಬಂದು ನನ್ನ ಬಾಗಿಲಲ್ಲಿ ನಿಂತಾರು. "ಕಟ್ಕೊಂಡ ನಾನೇ ಒಂದಿನ ಗಂಡನ ಹೆಸ್ರನ್ನ ಬಾಯಾಗೆ ತಂದಿಲ್ಲ, ನೀವ್ಯಾಕ್ರೀ ಸಿಸ್ಟ್ರೇ ಊರಿಗೆಲ್ಲ ಹಂಚಾಕೆ ಹೋದ್ರಿ?" ಎಂದು ಕೇಳಿಯಾರು. ಅದೂ ಅಲ್ಲದೆ ಹೆಸರು ಹಿಡಿದು ಕರೆಯುವ ಪ್ರಮೇಯವೇ ನಮಗೆ ಬಂದಿರಲಿಲ್ಲ. ಊರಿಗೆಲ್ಲ ಅವರು ಕಂಡಕ್ಟರು, ನನಗೂ ಕಂಡಕ್ಟರೇ. ಅವರಿಗೆ ನಾನು ಸಿಸ್ಟರು.

ನಾನು ಹೆರಿಗೆ ಮಾಡಿಸುವ ನರ್ಸು. ಚನ್ನಗಿರಿಯ ಕೆರೆ, ಗದ್ದೆ ನೋಡಿ ಬೆಳೆದವಳನ್ನು ಎಪ್ಪತ್ತರ ದಶಕದ ಆರಂಭದಲ್ಲಿ ಜಗಳೂರಿಗೆ ಹಾಕಿದರು. ಬಸ್ಸಿನಿಂದ ಇಳಿದ ಮೊದಲ ದಿನವೇ ಗಾಳಿ ನನ್ನ ಕಣ್ಣು ಬಾಯಿಗೆಲ್ಲ ಧೂಳು ತುಂಬಿತು. "ಅಯ್ಯೋ ನನ್ನ ಕರ್ಮವೇ" ಎಂದು ಪೆಟ್ಟಿಗೆಯ ಮೇಲೆ ಕೂತೆ. ಅದೇ ಬಸ್ಸಿನ ಕಂಡಕ್ಟರು ನನ್ನ ಹಾಸಿಗೆ ಸುರುಳಿಯನ್ನು ಮೇಲಿನಿಂದ ಇಳಿಸಿಕೊಟ್ಟು, "ಇಲ್ಲಿ ಗಾಳಿಗೆ ಒಂದು ವಾರ ಬೈತೀರಿ, ಆಮ್ಯಾಲೆ ಮರೀತೀರಿ. ಬರ್ರಿ, ನಿಮ್ ಕ್ವಾಟ್ರಸ್ಸು ನಮ್ಮನಿ ಪಕ್ಕದಾಗೇ ಐತೆ" ಎಂದರು. ವಾರವಲ್ಲ, ಹನ್ನೆರಡು ವರ್ಷ ಬೈದೆ. ಅಷ್ಟು ವರ್ಷವೂ ಅವರ ಪಕ್ಕದ ಮನೆಯಲ್ಲೇ ಇದ್ದೆ.

ಅವರ ಬಸ್ಸು ಬೆಳಿಗ್ಗೆ ಜಗಳೂರು ಬಿಟ್ಟು ಬಿಳಿಚೋಡು, ದಾವಣಗೆರೆ, ಹೊನ್ನಾಳಿ, ನ್ಯಾಮತಿ ಹಾದು ಸವಳಂಗ ಮುಟ್ಟಿ, ಸಂಜೆ ಅದೇ ದಾರಿಯಲ್ಲಿ ಹಿಂತಿರುಗುತ್ತಿತ್ತು. ಬಿಳಿಚೋಡಿನ ಸುತ್ತಲಿನ ಹಳ್ಳಿಗಳು ನನ್ನ ಪಾಲಿಗಿದ್ದವು, ಹಾಗಾಗಿ ವಾರದಲ್ಲಿ ನಾಲ್ಕು ದಿನ ಅದೇ ಬಸ್ಸು. ಅವರು ಊರಿನ ಹೆಸರು ಕೂಗುವುದನ್ನು ಕೇಳಬೇಕಿತ್ತು. ಬಾಗಿಲಲ್ಲಿ ಅರ್ಧ ದೇಹ ಹೊರಗೆ ಹಾಕಿ, "ಬಿಳಿಚೋಡ್, ಬಿಳಿಚೋಡ್, ಬಿಳಿಚೋ...ಡ್" ಎಂದು ಉಣ್ಣಲು ಮಕ್ಕಳನ್ನು ಕರೆದ ಹಾಗೆ ಕರೆಯುತ್ತಿದ್ದರು. ಬಸುರಿಯರು ಹತ್ತಿದರಂತೂ ಅವರ ಗತ್ತೇ ಬೇರೆ. "ಏಳ್ರೀ ಗೌಡ್ರೇ, ಎರಡು ಜೀವ ಬಂದೈತೆ, ಜಾಗ ಬಿಡ್ರಿ" ಎಂದರೆ ಎಂಥ ಮೀಸೆಯವನೂ ಏಳಲೇಬೇಕು. ನನ್ನ ರಿಜಿಸ್ಟರಿನಲ್ಲಿ ಇನ್ನೂ ಬರೆಯದ ಎಷ್ಟೋ ಬಸುರಿಯರನ್ನು ನಾನು ಆ ಕೂಗಿನಿಂದಲೇ ಪತ್ತೆ ಹಚ್ಚಿದ್ದೇನೆ.

ಅವರ ಹೆಂಡತಿ ಸವಳಂಗದ ಕಡೆಯವರು. ನಾನು ಅಕ್ಕ ಎನ್ನುತ್ತಿದ್ದೆ. ಮದುವೆಗೆ ಮೊದಲು ಅದೇ ಬಸ್ಸಿನಲ್ಲಿ ನ್ಯಾಮತಿ ಸಂತೆಗೆ ಹೋಗುತ್ತಿದ್ದ ಹುಡುಗಿಯಂತೆ. "ಇವ್ರು ಸೀಟು ಕೊಡಿಸ್ತೀನಿ ಅಂತ ಮನಿಗೇ ಕರ್ಕೊಂಡು ಬಂದ್ರು" ಎಂದು ಅಕ್ಕ ನಗುತ್ತಿದ್ದರು. ಮಕ್ಕಳಾಗಿರಲಿಲ್ಲ. ಶೇಂಗಾ ಸುಲಿಯುವ ಕೆಲಸಕ್ಕೆ ಹೋಗುತ್ತಿದ್ದರು, ಮನೆಯಲ್ಲಿ ಎರಡು ಹೊತ್ತು ರೊಟ್ಟಿ ಬಡಿಯುತ್ತಿದ್ದರು. ಕೈ ಒರಟಾಗಿತ್ತು.

ಆ ಕೈಯ ವಿಷಯಕ್ಕೇ ನಾನು ಬರಬೇಕಾಗಿರುವುದು. ದಿನಾ ಬೆಳಿಗ್ಗೆ ಕಂಡಕ್ಟರು ಖಾಕಿ ಅಂಗಿ ತೊಟ್ಟು, ಚರ್ಮದ ಚೀಲ ಹೆಗಲಿಗೇರಿಸಿ ಹೊಸ್ತಿಲಲ್ಲಿ ನಿಲ್ಲುತ್ತಿದ್ದರು. ಅಕ್ಕ ಎರಡೂ ಕೈಯಿಂದ ಅವರ ಎರಡೂ ಕೆನ್ನೆ ಸವರಿ, ಬೆರಳು ಮಡಚಿ ತಮ್ಮ ಕಣತಲೆಗೆ ಒತ್ತಿ ನೆಟಿಗೆ ಮುರಿಯುತ್ತಿದ್ದರು. ಬಸ್ಸಿನ ಕೆಲಸ, ದಿನಕ್ಕೆ ನೂರು ಕಣ್ಣು ಬೀಳುತ್ತವೆ, ದೃಷ್ಟಿ ತೆಗೆಯದೆ ಕಳಿಸಬಾರದು ಎಂದು ಅವರ ಲೆಕ್ಕ. ನಮ್ಮಿಬ್ಬರ ಮನೆ ನಡುವೆ ಎದೆಯೆತ್ತರದ ಗೋಡೆ. ಪಟಪಟನೆ ಹತ್ತು ನೆಟಿಗೆ ಕೇಳಿದರೆ ಗಂಟೆ ಆರೂಕಾಲು ಎಂದು ನಾನು ಸೀರೆ ನೆರಿಗೆ ಹಿಡಿಯುತ್ತಿದ್ದೆ. ಅಲಾರಾಂ ಗಡಿಯಾರ ನನ್ನ ಮನೆಯಲ್ಲಿರಲಿಲ್ಲ.

ಒಂದು ದಿನ ಬಸ್ಸಿನಲ್ಲಿ ಟಿಕೆಟು ಹರಿಯುತ್ತಾ ಹರಿಯುತ್ತಾ ಕಂಡಕ್ಟರು ಹಾಗೇ ನಿಂತುಬಿಟ್ಟರು. ಕಣ್ಣು ಗಟ್ಟಿ ಮುಚ್ಚಿದೆ, ಕೈ ಎಡಗೆನ್ನೆಯ ಹತ್ತಿರ ಹೋಗಿ ಮುಟ್ಟದೆ ಗಾಳಿಯಲ್ಲೇ ನಿಂತಿದೆ. ಹತ್ತು ಎಣಿಸುವಷ್ಟು ಹೊತ್ತು. ಆಮೇಲೆ ಏನೂ ಆಗದವರಂತೆ ಟಿಕೆಟು ಕೊಟ್ಟರು. ನಾನು ಇಳಿಯುವಾಗ ಕೇಳಿದೆ.

"ಹಲ್ಲು ಇರಬೇಕು ಸಿಸ್ಟ್ರೇ. ಕರೆಂಟು ಹೊಡ್ದಂಗೆ ಹೊಡೀತೈತೆ."

"ಹಲ್ಲೇ. ಕೀಳಿಸಿ ಬಿಸಾಕ್ರಿ, ಯಾಕೆ ಇಟ್ಕೊಂಡು ಪೂಜೆ ಮಾಡ್ತೀರಿ?" ಎಂದೆ. ಯೋಚಿಸುವ ಮೊದಲೇ ಆಡಿಬಿಡುವ ಬಾಯಿ ನನ್ನದು. ಸಂತೆಯ ದಿನ ಬರುವ ಹಲ್ಲು ಕೀಳುವವನ ಹತ್ತಿರ ಹೋಗಿ ಒಂದು ದವಡೆ ಹಲ್ಲು ತೆಗೆಸಿದರು. ನೋವು ಹೋಗಲಿಲ್ಲ. ಪಕ್ಕದ್ದು ಇರಬೇಕು ಎಂದು ಅದನ್ನೂ ತೆಗೆಸಿದರು. ಮೂರನೆಯದನ್ನು ತೆಗೆಸಿ ಬಂದ ದಿನ ಬಾಯಿಗೆ ಬಟ್ಟೆ ಒತ್ತಿಕೊಂಡು ನನ್ನ ಮುಂದೆ ನಿಂತು, "ಇನ್ನ ತೆಗಿಯಾಕೆ ಹಲ್ಲಿಲ್ಲ ಸಿಸ್ಟ್ರೇ ಆ ಕಡೆ. ಈಗೇನು ತೆಗಿಸ್ಲಿ?" ಎಂದು ನಕ್ಕರು. ನಗು ಬಂದ ತಕ್ಷಣ ಕೆನ್ನೆಯಲ್ಲಿ ಮತ್ತೆ ಹೊಡೆಯಿತು. ಮೂರು ಒಳ್ಳೆಯ ಹಲ್ಲು ನನ್ನ ಮಾತಿನಿಂದ ಹೋದವು. ಆ ಹೊತ್ತಿನ ಅವರ ಮುಖ ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೆ ಸಿಟ್ಟು ಬರುತ್ತದೆ.

ಸವಳಂಗದ ಕಡೆಯ ನಾಟಿ ವೈದ್ಯರು ಕಣತಲೆಗೆ ಸೊಪ್ಪಿನ ಪಟ್ಟು ಹಾಕಿದರು. ಇನ್ನೊಬ್ಬರು ಮೂಗಿಗೆ ರಸ ಹಿಂಡಿದರು. ಯಾರದ್ದೂ ತಪ್ಪಿಲ್ಲ, ಎಲ್ಲರೂ ಗುಣವಾಗಲಿ ಎಂದೇ ಮಾಡಿದ್ದು. ನೋವು ಮಾತ್ರ ತನ್ನ ಪಾಡಿಗೆ ತಾನು ಬರುತ್ತಿತ್ತು. ಕಂಡಕ್ಟರು ಅದಕ್ಕೆ ತಮ್ಮ ಕಸುಬಿನಿಂದಲೇ ಒಂದು ಹೆಸರಿಟ್ಟರು. "ಟಿಕೆಟಿಲ್ದ ಪಾಸೆಂಜರ್ ರೀ ಅವ್ನು. ಕಿವಿ ಹತ್ರ ಹತ್ತತಾನೆ, ಕೆನ್ನಿ ತುಂಬ ತುಳ್ಕೊಂಡು ಓಡಾಡಿ ಮೂಗಿನ ಪಕ್ಕ ಇಳೀತಾನೆ. ಎಷ್ಟೊತ್ತಿಗೆ ಬರ್ತಾನೆ ಅಂತ ಗೊತ್ತಿದ್ರೆ ಬಾಗ್ಲಾದ್ರೂ ಹಾಕ್ಬೋದಿತ್ತು."

ಗಾಳಿ ತಾಗಿದರೆ ಆ ಪಾಸೆಂಜರು ಬರುತ್ತಿದ್ದ. ನೀರು ಸೋಕಿದರೆ, ಅಗಿದರೆ, ಆಕಳಿಸಿದರೆ, ಜೋರಾಗಿ ಮಾತಾಡಿದರೆ ಬರುತ್ತಿದ್ದ. ಜಗಳೂರಿನ ಗಾಳಿಯಲ್ಲಿ ಬಸ್ಸಿನ ಬಾಗಿಲಲ್ಲಿ ನಿಂತು ಊರಿನ ಹೆಸರು ಕೂಗುವವರಿಗೆ ಬರಬಾರದ ಕಾಯಿಲೆ. ಕಂಡಕ್ಟರು ಕೂಗುವುದನ್ನು ಬಿಟ್ಟರು. ಮುಖಕ್ಕೆ ಟವಲು ಸುತ್ತಿ ಒಳಗೆ ನಿಂತು, ಬಲಬಾಯಿಯಲ್ಲಿ ಸೀಟಿ ಹಿಡಿದು ಊದುತ್ತಿದ್ದರು. ಮಂಡಕ್ಕಿ ಮೆಣಸಿನಕಾಯಿ ಅಂದರೆ ಪ್ರಾಣ ಬಿಡುತ್ತಿದ್ದವರು, ಹೊನ್ನಾಳಿಯ ಬಸ್‌ಸ್ಟ್ಯಾಂಡಿನಲ್ಲಿ ಡ್ರೈವರು ತಿನ್ನುವುದನ್ನು ನೋಡುತ್ತಾ ಅಂಬಲಿ ಕುಡಿಯುತ್ತಿದ್ದರು. ಹೊಸ ಪ್ರಯಾಣಿಕರು, "ಏನ್ ಕೊಬ್ಬು ನೋಡ್ರಿ ಈ ಕಂಡಕ್ಟ್ರಿಗೆ, ಕೇಳಿದ್ದಕ್ಕೆ ಮಾತಾಡಂಗಿಲ್ಲ" ಎನ್ನುತ್ತಿದ್ದರು. ಗಾಯವಿಲ್ಲ, ಬಾವಿಲ್ಲ, ಜ್ವರವಿಲ್ಲ. ಕಾಣದ ನೋವನ್ನು ಯಾರು ನಂಬುತ್ತಾರೆ?

ಅಕ್ಕ ಬೆಳಿಗ್ಗೆ ನೆಟಿಗೆ ಮುರಿಯುವುದನ್ನು ಬಿಟ್ಟಿರಲಿಲ್ಲ. ಗೋಡೆಯಾಚೆಯ ಪಟಪಟ ನನಗೆ ಕೇಳುತ್ತಲೇ ಇತ್ತು. ಒಂದು ದಿನ ಇಣುಕಿದಾಗ ಗೊತ್ತಾಯಿತು: ಅಕ್ಕನ ಎರಡೂ ಕೈ ಅವರ ಮುಖದಿಂದ ನಾಲ್ಕು ಬೆರಳು ದೂರದಲ್ಲಿ, ಗಾಳಿಯನ್ನು ಸವರಿಕೊಂಡು ಇಳಿಯುತ್ತಿವೆ. ಕಂಡಕ್ಟರು ಉಸಿರು ಹಿಡಿದು ನಿಂತಿದ್ದಾರೆ. ಆಮೇಲೆ ಅಷ್ಟೇ ಶ್ರದ್ಧೆಯಿಂದ ಹತ್ತೂ ಬೆರಳು ಮುರಿದವು.

ಈಗ ನನ್ನ ದೊಡ್ಡ ಮಂಗಾಟದ ಕತೆ ಹೇಳುತ್ತೇನೆ. ಕತ್ತಿ ತಾಗಿಸಲು ಆಗದೆ ಕಂಡಕ್ಟರು ಗಡ್ಡ ಬಿಟ್ಟರು. ನಮ್ಮ ಕಡೆ ಹೆಂಡತಿ ಬಸುರಿಯಾದರೆ ಗಂಡ ಗಡ್ಡ ತೆಗೆಸುವುದಿಲ್ಲ. ದಿನಾ ನುಣ್ಣಗೆ ಗೀಸಿಕೊಳ್ಳುತ್ತಿದ್ದ ಮನುಷ್ಯ ತಿಂಗಳುಗಟ್ಟಲೆ ಗಡ್ಡ ಬಿಟ್ಟರೆ ಜನ ಏನೆಂದುಕೊಳ್ಳಬೇಕು? ಬಸ್ಸಿನಲ್ಲಿ ಹೆಂಗಸರು ಗುಸುಗುಸು ಶುರು ಮಾಡಿದರು. ಮದುವೆಯಾಗಿ ಹದಿನಾರು ವರ್ಷದ ಮೇಲೆ! ದೇವರು ಕಣ್ಣು ಬಿಟ್ಟ! ಅಕ್ಕ ಬಸ್ಸು ಹತ್ತಿದರೆ ಸೀಟಿನಲ್ಲಿದ್ದವರೇ, "ಎರಡು ಜೀವ ಬಂದೈತೆ" ಎಂದು ಎದ್ದು ನಿಲ್ಲತೊಡಗಿದರು. ಒಬ್ಬಾಕೆ ಬಯಕೆಗೆಂದು ಕರ್ಜಿಕಾಯಿ ಮಾಡಿ ಕೊಟ್ಟು ಹೋದಳು.

ಕೆನ್ನೆ ನೋವು ನನಗೆ ಗೊತ್ತಿತ್ತು. ಆದರೆ ಬಸುರು ಎಂದರೆ ಮುಗಿಯಿತು, ನನ್ನ ತಲೆಗೆ ಬೇರೆ ಏನೂ ಹೊಳೆಯುವುದಿಲ್ಲ. ಪಕ್ಕದ ಮನೆಯ ಬಸುರಿ ನನ್ನ ರಿಜಿಸ್ಟರಿಗೆ ಬಂದಿಲ್ಲವೆಂದರೆ ನನ್ನ ಮರ್ಯಾದೆ ಏನಾಗಬೇಕು? ರಿಜಿಸ್ಟರು, ಕೆಂಪು ಮಾತ್ರೆ ಹಿಡಿದು ಹೋಗಿ ಅಕ್ಕನ ಎದುರು ಚಕ್ಕಂಬಕ್ಕಳ ಹಾಕಿ ಕೂತೆ. ವಯಸ್ಸು ಮೂವತ್ತಾರು, ಚೊಚ್ಚಿಲು, ಎಂದೆಲ್ಲ ನಾನೇ ಹೇಳಿಕೊಂಡು ನಾನೇ ಬರೆದೆ. ಅಕ್ಕ ಸುಮ್ಮನೆ ನನ್ನ ಪೆನ್ನು ಓಡುವುದನ್ನೇ ನೋಡುತ್ತಿದ್ದರು. ಕಡೆಯ ಮುಟ್ಟು ಯಾವಾಗ ಎಂದಾಗ ಮೆಲ್ಲಗೆ, "ನಿನ್ನೆ ಸಿಸ್ಟ್ರೇ" ಎಂದರು.

"ಮತ್ತೆ... ಗಡ್ಡ?"

"ಕತ್ತಿ ತಾಗಿದ್ರೆ ಚೀರ್ತಾರೆ ಸಿಸ್ಟ್ರೇ. ನನ್ ಕೈ ತಾಗಿದ್ರೂ ಚೀರ್ತಾರೆ. ಮುಖ ಮುಟ್ಟಿ ಒಂಬತ್ತು ತಿಂಗ್ಳಾತು."

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. "ಥೂ, ಮೊದಲೇ ಹೇಳಬಾರದಾ ಅಕ್ಕ? ಇಷ್ಟೆಲ್ಲ ಬರಿಯೋತನಕ ಯಾಕೆ ಸುಮ್ನಿದ್ರಿ?" ಎಂದು ಅವರ ಮೇಲೇ ರೇಗಿದೆ. ಅಕ್ಕ ರಿಜಿಸ್ಟರಿನ ಮೇಲೆ ಬೆರಳಿಟ್ಟು, "ನನ್ ಹೆಸರು ಇದ್ರಾಗೆ ಹೆಂಗೆ ಕಾಣ್ತೈತೆ ಅಂತ ನೋಡೋಣ ಅನ್ನಿಸ್ತು" ಎಂದರು. "ಹದಿನೈದು ದಿನದಿಂದ ಎಲ್ರೂ ಎರಡು ಜೀವ ಅಂತ ಮಾತಾಡ್ಸಿದ್ರು. ಸುಳ್ಳೇ ಆಗ್ಲಿ, ಚೆಂದಿತ್ತು." ಸರ್ಕಾರಿ ರಿಜಿಸ್ಟರು, ಹಾಳೆ ಹರಿಯುವ ಹಾಗಿಲ್ಲ. ಅವರ ಹೆಸರಿನ ಮೇಲೆ ಅಡ್ಡಗೆರೆ ಎಳೆದು ಸಹಿ ಹಾಕಿದೆ. ಗೆರೆ ಸೊಟ್ಟ ಬಂತು.

ಆವತ್ತಿನಿಂದ ಆ ಕೆನ್ನೆ ನನ್ನ ಹೊಣೆ ಎಂದು ನಾನೇ ತೀರ್ಮಾನಿಸಿಕೊಂಡೆ. ದಾವಣಗೆರೆಯ ಒಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಕಂಡಕ್ಟರ ಮಾತನ್ನು ಕಡೆಯತನಕ ಕೇಳಿ, ಇದು ಹಲ್ಲಿನದಲ್ಲ, ಮುಖದ ನರದ ನೋವು ಎಂದರು. ಕಂಡಕ್ಟರ ಕಣ್ಣಲ್ಲಿ ನೀರು ಬಂತು. ಅದು ನೋವಿಗೆ ಬಂದದ್ದಲ್ಲ. "ಇಂಥದೊಂದು ಐತೆ ಅಂತ ಇವ್ರಿಗೆ ಗೊತ್ತೈತಲ್ಲ ಸಿಸ್ಟ್ರೇ, ನನಗೇನು ತಲಿ ಕೆಟ್ಟಿಲ್ಲ" ಎಂದು ದಾರಿಯುದ್ದಕ್ಕೂ ಹೇಳಿದರು.

ಡಾಕ್ಟರು ಕೊಟ್ಟ ಮಾತ್ರೆ ಮೊದಮೊದಲು ಪವಾಡವನ್ನೇ ಮಾಡಿತು. ಕಂಡಕ್ಟರು ಗಡ್ಡ ಬೋಳಿಸಿ ಮಂಡಕ್ಕಿ ತಿಂದರು. ಬರಬರುತ್ತಾ ಒಂದು ಮಾತ್ರೆಗೆ ನೋವು ಬಗ್ಗಲಿಲ್ಲ, ಎರಡಾಯಿತು, ನಾಲ್ಕಾಯಿತು. ಬಸ್ಸಿನಲ್ಲಿ ತೂಕಡಿಸಿ ತೂರಾಡತೊಡಗಿದರು. ಒಂದು ಹನಿ ಬಾಯಿಗೆ ಹಾಕದ ಮನುಷ್ಯನನ್ನು ಕುಡುಕ ಎಂದರು ಜನ. ಬಿಳಿಚೋಡಿನವರನ್ನು ಬಿಳಿಚೋಡಿನಲ್ಲಿ ಇಳಿಸಲು ಮರೆತು ಮುಂದೆ ಕರೆದುಕೊಂಡು ಹೋದದ್ದೂ ಉಂಟು. "ಮಾತ್ರೆ ತಗೊಂಡ್ರೆ ನೋವು ಮಲಗ್ತೈತೆ, ಅದ್ರ ಜೊತಿಗೆ ನಾನೂ ಮಲಗ್ತೀನಿ. ಬಿಟ್ರೆ ಇಬ್ರೂ ಏಳ್ತೀವಿ. ಇದೆಂಥ ಸಂಸಾರ ರೀ?" ಎನ್ನುತ್ತಿದ್ದರು.

ಕಡೆಗೆ ಬೆಂಗಳೂರಿನ ದೊಡ್ಡಾಸ್ಪತ್ರೆ. ನಾನೂ ರಜೆ ಹಾಕಿ ಅವರಿಬ್ಬರ ಜೊತೆಗೆ ಹೋದೆ. ಅಲ್ಲಿನ ಡಾಕ್ಟರು ಕಾಗದದ ಮೇಲೆ ಮುಖ ಬರೆದು ನರ ತೋರಿಸಿದರು. ಅದರೊಳಕ್ಕೆ ಸೂಜಿ ಹಾಕಿ ಔಷಧಿ ಬಿಟ್ಟರೆ ನರ ಸತ್ತ ಹಾಗಾಗುತ್ತದೆ, ವರ್ಷ ಒಂದೂವರೆ ವರ್ಷ ನೋವಿರುವುದಿಲ್ಲ, ಆದರೆ ಎಡಗೆನ್ನೆಗೆ ಸ್ಪರ್ಶವೂ ಇರುವುದಿಲ್ಲ ಎಂದರು.

"ನೋವೊಂದನ್ನ ತೆಗ್ದು ಇನ್ನೊಂದನ್ನ ಬಿಡಾಕೆ ಬರಲ್ವ ಸಾರ್?" ಎಂದು ಕಂಡಕ್ಟರು ಕೇಳಿದರು.

"ಎರಡೂ ಒಂದೇ ನರದಲ್ಲಿ ಬರ್ತವಪ್ಪಾ" ಎಂದರು ಡಾಕ್ಟರು.

ಹೊರಗೆ ಬೆಂಚಿನ ಮೇಲೆ ಕೂತು ಕಂಡಕ್ಟರು, "ನಮ್ ಬಸ್ಸಿನಂಗೇ ಆತು ಬಿಡ್ರಿ. ಹತ್ತೋರಿಗೂ ಇಳಿಯೋರಿಗೂ ಒಂದೇ ಬಾಗ್ಲು" ಎಂದರು. ನಾನು ನಕ್ಕೆ. ಅಕ್ಕ ನಗಲಿಲ್ಲ.

ಸೂಜಿಯಿಂದ ನೋವು ನಿಂತಿತು. ಊರಿನ ಹೆಸರುಗಳು ಮತ್ತೆ ಕೇಳಿದವು, ನಾಲಿಗೆ ಒಂದಿಷ್ಟು ತೊಡರುತ್ತಿತ್ತು ಅಷ್ಟೆ. ಬಿಸಿ ಚಹಾ ಎಡತುಟಿಯನ್ನು ಸುಟ್ಟರೂ ಅವರಿಗೆ ಗೊತ್ತಾಗುತ್ತಿರಲಿಲ್ಲ. ಅನ್ನದ ಅಗುಳು ಅಂಟಿದ್ದರೆ ಅಕ್ಕ ಕಣ್ಣಲ್ಲೇ ಸನ್ನೆ ಮಾಡುತ್ತಿದ್ದರು. ಬೆಳಿಗ್ಗೆ ಅಕ್ಕ ಎಷ್ಟೋ ಕಾಲದ ಮೇಲೆ ಎರಡೂ ಕೆನ್ನೆ ಮುಟ್ಟಿ ಸವರಿದರು. ಗೋಡೆಯಾಚೆಯಿಂದ ನನಗೆ ಖುಷಿಯಾಗಿ, "ಈಗ ಹೆಂಗೈತ್ರೀ ಕಂಡಕ್ಟ್ರೇ?" ಎಂದು ಕೂಗಿದೆ. ಅವರು ಗೋಡೆಯ ಹತ್ತಿರ ಬಂದು, ಅಕ್ಕನಿಗೆ ಕೇಳಿಸದ ಹಾಗೆ ದನಿ ಇಳಿಸಿದರು.

"ಬಲಗಡಿ ಕೈ ಐತೆ ಸಿಸ್ಟ್ರೇ. ಎಡಗಡಿ ಇಲ್ಲ. ಕಣ್ಣು ಮುಚ್ಕೊಂಡ್ರೆ ಅರ್ಧ ಹೆಂಡ್ತೀನೇ ಬಂದಂಗೆ ಆಗ್ತೈತೆ. ನೆಟಿಗೆ ಸದ್ದು ಕೇಳಿದ ಮ್ಯಾಲೇನೇ, ಓ ಈ ಕಡಿನೂ ಮುಟ್ಟಿದ್ಲು ಅಂತ ಗೊತ್ತಾಗೋದು."

ಒಂದೂವರೆ ವರ್ಷದ ಹತ್ತಿರ ಹತ್ತಿರ, ಒಂದು ಬೆಳಿಗ್ಗೆ ಅಕ್ಕ ಗೋಡೆಗೆ ಓಡಿಬಂದು, "ಸಿಸ್ಟ್ರೇ, ಇವತ್ತು ಗೊತ್ತಾತಂತೆ! ಕೈ ಗೊತ್ತಾತಂತೆ!" ಎಂದು ಹುಡುಗಿಯ ಹಾಗೆ ಕುಣಿದರು. ಡಾಕ್ಟರು ಮೊದಲೇ ಹೇಳಿದ್ದರು: ಸ್ಪರ್ಶ ಬಂತೆಂದರೆ ನರ ಎದ್ದಿದೆ, ಅದರ ಹಿಂದೆಯೇ ನೋವೂ ಬರುತ್ತದೆ. ನೋವು ಬರುವ ತನಕ ಅವರಿಬ್ಬರ ಮುಖ ನೋಡಬೇಕಿತ್ತು. ಕಂಡಕ್ಟರು ಬಸ್ಸಿನ ಬಾಗಿಲಲ್ಲಿ ಎಡಗೆನ್ನೆಯನ್ನೇ ಗಾಳಿಗೆ ಒಡ್ಡಿ ನಿಲ್ಲುತ್ತಿದ್ದರು. ನಾವೆಲ್ಲ ಬೈಯುವ ಆ ಧೂಳುಗಾಳಿಯನ್ನು ಅವರು ಕಣ್ಣು ಮುಚ್ಚಿ ಅನುಭವಿಸುತ್ತಿದ್ದರು. ಬೆಳಿಗ್ಗೆ ಆ ಮನೆಯಿಂದ ನೆಟಿಗೆ ಕೇಳಲು ಆರೂವರೆಯಾದರೂ ಆಗುತ್ತಿತ್ತು. ಇಪ್ಪತ್ತೊಂದು ದಿನ ಹಾಗೆ ನಡೆಯಿತು. ಇಪ್ಪತ್ತೆರಡನೆಯ ದಿನ ಪಾಸೆಂಜರು ಬಂದ.

ಆ ಸಲ ಆಸ್ಪತ್ರೆಯಲ್ಲಿ ಜಾಗ ಸಿಗಲು ಒಂದೂವರೆ ತಿಂಗಳು ಹಿಡಿಯಿತು. ಆ ಒಂದೂವರೆ ತಿಂಗಳನ್ನು ನಾನು ಮರೆಯಲಾರೆ. ನೀರು ಕುಡಿಯಲೂ ಹೆದರುತ್ತಿದ್ದರು. ಎದೆಯ ಮೂಳೆ ಎಣಿಸುವ ಹಾಗಾಯಿತು. ಮಾತ್ರೆಗೂ ನೋವು ಬಗ್ಗಲಿಲ್ಲ. ಒಂದು ಮಧ್ಯಾಹ್ನ ನನ್ನ ಜಗುಲಿಯಲ್ಲಿ ಕೂತವರು ಚೀಟಿಯ ಮೇಲೆ ಬರೆದು ತೋರಿಸಿದರು, ಬಾಯಿ ಬಿಡಲಾರದೆ: "ಬಾವಿ ಕಡೆ ಹೋದರೆ ಕಾಲು ಅಲ್ಲೇ ನಿಲ್ಲುತ್ತವೆ. ಇವಳಿಗೆ ಹೇಳಬೇಡಿ." ನಾನು ಆ ಚೀಟಿಯನ್ನು ಒಲೆಗೆ ಹಾಕಿದೆ. ಹಗ್ಗ ಬಿಂದಿಗೆಯನ್ನು ನನ್ನ ಮನೆಗೆ ತರಿಸಿಕೊಂಡು, ಅವರ ಮನೆಗೂ ನಾನೇ ನೀರು ಸೇದಿ ಹಾಕಿದೆ. ಅಕ್ಕನಿಗೆ ಕಾರಣ ಹೇಳಲಿಲ್ಲ.

ಎರಡನೆಯ ಸೂಜಿಯೂ ಆಯಿತು. ಆಗ ಡಾಕ್ಟರು ನನಗೇ ಹೇಳಿ ಕಳಿಸಿದರು: ಮುಂದಿನ ಸಲ ಸ್ಪರ್ಶ ಬಂದ ತಕ್ಷಣ ಕಾಗದ ಹಾಕಿ, ನೋವು ಶುರುವಾಗುವ ತನಕ ಕಾಯಬೇಡಿ, ಆ ಸಲ ನರವನ್ನೇ ಕತ್ತರಿಸಿಬಿಡೋಣ, ನೋವೂ ಸ್ಪರ್ಶವೂ ಮತ್ತೆಂದೂ ಬರುವುದಿಲ್ಲ. ಕಂಡಕ್ಟರಿಗೂ ಇದನ್ನು ಹೇಳಿದ್ದರು. ಅವರು ತಲೆಯಾಡಿಸಿದ್ದರು.

ಒಂದು ವರ್ಷ ಕಳೆದಿತ್ತು. ಬಸ್ಸಿನಲ್ಲಿ ಹೋಗುತ್ತಿದ್ದೆ. ಟಿಕೆಟು ಕೊಡುತ್ತಿದ್ದ ಕಂಡಕ್ಟರ ಎಡಗೆನ್ನೆಯ ಮೇಲೆ ಒಂದು ನೊಣ ಕೂತಿತು. ಅವರು ಕೈಬೀಸಿ ಅದನ್ನು ಓಡಿಸಿದರು. ಓಡಿಸಿದ ಮೇಲೆ ನನ್ನ ಕಡೆ ನೋಡಿದರು. ಸಿಕ್ಕಿಬಿದ್ದೆ ಎಂದು ಅವರಿಗೂ ಗೊತ್ತಾಯಿತು.

ಬಿಳಿಚೋಡಿನಲ್ಲಿ ಇಳಿದು ಕೇಳಿದೆ. "ಎಷ್ಟು ದಿನ ಆತು?"

"ಹನ್ನೊಂದು."

"ಅಕ್ಕಂಗೆ ಗೊತ್ತಾ?"

"ಅವ್ಳೇ ನಿಮಗೆ ಹೇಳ್ಬ್ಯಾಡ ಅಂದ್ಳು. ಸಿಸ್ಟ್ರೇ, ಕೈ ಮುಗೀತೀನಿ, ಒಂದೀಟು ತಡೀರಿ. ಕೊನೇ ಸಲ ಅಲ್ವಾ. ನೋವು ಬಂದ ದಿನ ನಾನೇ ನಿಮ್ ಬಾಗ್ಲಿಗೆ ಬರ್ತೀನಿ. ಬರೋತನ್ಕ ಬಿಟ್ಬಿಡ್ರಿ."

ನಾನು ಚೀಲ ಎತ್ತಿಕೊಂಡು ಹೊರಟೆ. ಅವರು ಅದನ್ನು ಒಪ್ಪಿಗೆ ಎಂದುಕೊಂಡರು. ಆ ಮಧ್ಯಾಹ್ನವೇ ಅಂಚೆ ಕಚೇರಿಗೆ ಹೋಗಿ ಡಾಕ್ಟರಿಗೆ ತಂತಿ ಕೊಟ್ಟೆ. ಬಾವಿಯ ಚೀಟಿಯನ್ನು ನಾನು ಮರೆತಿರಲಿಲ್ಲ. ಇನ್ನೊಂದು ಸಲ ಅಂಥ ಒಂದೂವರೆ ತಿಂಗಳು ಬಂದರೆ ಈ ಮನುಷ್ಯ ಉಳಿಯುವುದಿಲ್ಲ ಎಂದು ನನಗೆ ಖಾತ್ರಿಯಿತ್ತು. ನಾಲ್ಕನೆಯ ದಿನಕ್ಕೆ ಜಾಗ ಇದೆ, ಕೂಡಲೇ ಬನ್ನಿ ಎಂದು ಉತ್ತರ ಬಂತು. ಬಸ್ಸಿನ ಮಾಲೀಕರಿಗೆ ನಾನೇ ಹೇಳಿ ರಜೆ ಕೊಡಿಸಿದೆ. ಉತ್ತರದ ಕಾಗದ ಕಂಡಕ್ಟರ ಕೈಗೆ ಕೊಟ್ಟಾಗ ಅವರು ಅದನ್ನು ಎರಡು ಸಲ ಓದಿದರು. ಬೈದರೆ ಬೈಯಲಿ ಎಂದು ನಾನು ಸಿದ್ಧಳಾಗಿದ್ದೆ. "ನೀವು ಹೇಳಿದ ಮ್ಯಾಲೆ ಆತು ಬಿಡ್ರಿ" ಎಂದರು, ಅಷ್ಟೇ.

ಹೊರಡುವ ಬೆಳಿಗ್ಗೆ ನಾನು ಅವರ ಅಂಗಳದಲ್ಲಿ ಚೀಲ ಹಿಡಿದು ನಿಂತಿದ್ದೆ. ಬಸ್ಸು ಸ್ಟ್ಯಾಂಡಿನಲ್ಲಿ ಹಾರನ್ನು ಹಾಕುತ್ತಿತ್ತು. ಒಳಗೆ ನೆಟಿಗೆ ಕೇಳಿತು, ಇನ್ನೂ ಬರಲಿಲ್ಲ. ಮತ್ತೆ ನೆಟಿಗೆ. ನನಗೋ ಚಡಪಡಿಕೆ. "ಏನ್ರೀ ಅದು, ಎಷ್ಟು ಸಲ ದೃಷ್ಟಿ ತೆಗೀತೀರಿ? ಹೊತ್ತಾತು ಬರ್ರಿ, ಬಸ್ಸು ಹೋಗ್ತೈತೆ!" ಎಂದು ಕೂಗಿದೆ. ಇಬ್ಬರೂ ಹೊರಗೆ ಬಂದರು. ಅಕ್ಕ ಬೀಗ ಹಾಕಿದರು.

ಆಪರೇಶನ್ನು ಚೆನ್ನಾಗಿ ಆಯಿತು. ನೋವು ಮತ್ತೆ ಬರಲಿಲ್ಲ. ಕಂಡಕ್ಟರು ಮೈತುಂಬಿಕೊಂಡರು, ಮಂಡಕ್ಕಿ ತಿಂದರು, ಬಸುರಿಯರಿಗೆ ಸೀಟು ಬಿಡಿಸಿದರು. ನನಗೆ ಹೊನ್ನಾಳಿಗೆ ವರ್ಗವಾದ ಮೇಲೂ ಅವರ ಬಸ್ಸು ಆ ಊರ ಮೇಲೇ ಹೋಗುತ್ತಿತ್ತು. "ಹೊನ್ನಾಳಿ, ಹೊನ್ನಾ...ಳಿ" ಎಂಬ ಕೂಗು ಕೇಳಿದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಹೊರಗೆ ಬರುತ್ತಿದ್ದೆ. ಅವರು ಬಾಗಿಲಿನಿಂದಲೇ ಕೈ ಎತ್ತುತ್ತಿದ್ದರು. ಕೆನ್ನೆಯ ಮೇಲೆ ನೊಣ ಕೂತರೂ ಓಡಿಸುತ್ತಿರಲಿಲ್ಲ.

ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಒಂದು ದಿನ ಹೊನ್ನಾಳಿ ಎಂದು ಕೂಗಿದ್ದು ಬೇರೆ ದನಿ. ಕಂಡಕ್ಟರಿಗೆ ಮೊನ್ನೆ ಬೆಳಿಗ್ಗೆ ಎದೆನೋವು ಬಂದು ಹೊಸ್ತಿಲಲ್ಲೇ ಕೂತರು, ಏಳಲಿಲ್ಲ ಎಂದು ಡ್ರೈವರು ಹೇಳಿದ. ಮಣ್ಣು ಮಾಡಿ ಆಗಿತ್ತು. ಮರುದಿನವೇ ಜಗಳೂರಿಗೆ ಹೋದೆ.

ಅಕ್ಕ ಅದೇ ಮನೆಯಲ್ಲಿ ಶೇಂಗಾ ಸುಲಿಯುತ್ತಾ ಕೂತಿದ್ದರು. ನನ್ನನ್ನು ನೋಡಿ ಅಳಲಿಲ್ಲ, ಪಕ್ಕಕ್ಕೆ ಸರಿದು ಜಾಗ ಬಿಟ್ಟರು. ನಾನೂ ಕೂತು ಸುಲಿಯತೊಡಗಿದೆ. ವರ್ಷಗಳಿಂದ ಮುಚ್ಚಿಟ್ಟುಕೊಂಡದ್ದನ್ನು ಅವತ್ತು ಹೇಳಿದೆ. ಬಾವಿಯ ಚೀಟಿಯ ಮಾತು ಹೇಳಿದೆ. ತಂತಿ ಕೊಟ್ಟದ್ದು ಅದಕ್ಕೇ, ಅವರು ತಡೀರಿ ಎಂದು ಕೈಮುಗಿದರೂ ನಾನು ತಡೆಯಲಿಲ್ಲ ಎಂದೆ.

"ಬಾವಿ ವಿಷ್ಯ ನಂಗೂ ಗೊತ್ತಿತ್ತು ಸಿಸ್ಟ್ರೇ" ಎಂದರು ಅಕ್ಕ. "ನೀವು ನೀರು ಸೇದಿ ಹಾಕಾಕೆ ಶುರು ಮಾಡಿದ್ರಲ್ಲ, ಅವತ್ತೇ ತಿಳೀತು. ನೀವು ಮಾಡಿದ್ದು ಸರಿನೇ. ಐದು ವರ್ಷ ಹೊಟ್ಟಿತುಂಬ ಉಂಡ್ರು."

ಸುಲಿದ ಬೀಜವನ್ನು ಮೊರಕ್ಕೆ ಸುರಿದರು. ಆಮೇಲೆ ಅಕ್ಕ ತಲೆ ಎತ್ತದೆಯೇ ಹೇಳಿದರು.

"ಹೊರಟ ದಿನ ಬೆಳಿಗ್ಗೆ ಎರಡು ಸಲ ದೃಷ್ಟಿ ತೆಗಿಸ್ಕೊಂಡ್ರು. ಇನ್ನೊಂದು ಸಲ ತೆಗಿ ಅಂದ್ರು. ಕೈ ಎತ್ತಿದ್ದೆ. ಹೊತ್ತಾತಂತೆ, ಸಿಸ್ಟ್ರು ಕರೀತಾರೆ, ಬಂದ ಮ್ಯಾಲೆ ತೆಗಿತೀನಿ ಬರ್ರಿ ಅಂತ ಕೈ ಇಳಿಸ್ದೆ."

ಅಂಗಳದಲ್ಲಿ ನಿಂತು ಕೂಗಿದ ನನ್ನ ದನಿ ನನಗೆ ಅಲ್ಲೇ ಕೇಳಿಸಿತು. ನಾನು ಮಾಡಿದ್ದು ಸರಿ, ಮತ್ತೆ ಅಂಥದೇ ಬಂದರೆ ತಂತಿಯನ್ನು ಅವತ್ತಿನ ಹಾಗೇ ಕೊಡುತ್ತೇನೆ. ಆದರೆ ಆ ಬೆಳಿಗ್ಗೆ ಕೂಗುತ್ತಿರಲಿಲ್ಲ. ಬಸ್ಸು ಹೋದರೆ ಹೋಗಲಿ, ಇನ್ನೊಂದು ಬಸ್ಸಿತ್ತಲ್ಲ. ಅಳಬಾರದು ಎಂದು ಹೋಗಿದ್ದವಳು ಶೇಂಗಾ ಸಿಪ್ಪೆಯ ನಡುವೆ ಕೂತು ಬಿಕ್ಕಿಬಿಕ್ಕಿ ಅತ್ತೆ. ಅಕ್ಕ ನನ್ನ ಬೆನ್ನು ಸವರುತ್ತಾ, "ಸುಮ್ಕಿರ್ರಿ, ಸುಮ್ಕಿರ್ರಿ" ಎಂದರು. ಅವರನ್ನು ಸಮಾಧಾನ ಮಾಡಲು ಹೋದವಳು ನ್ಯಾಯವಾಗಿ ನಾನು.

ಹೊರಡುವಾಗ ಹೊಸ್ತಿಲಿಗೆ ಬಂದರು. "ಬಸ್ಸಿನಾಗೆ ಹೋಗೋರು, ನಿಲ್ರಿ" ಎಂದು ಎರಡೂ ಕೈಯಿಂದ ನನ್ನ ಎರಡೂ ಕೆನ್ನೆ ಸವರಿ, ಕಣತಲೆಗೆ ಒತ್ತಿ ನೆಟಿಗೆ ಮುರಿದರು. ಹನ್ನೆರಡು ವರ್ಷ ಗೋಡೆಯಾಚೆಯಿಂದ ಬರೀ ಸದ್ದು ಕೇಳಿದವಳು ನಾನು, ಆ ಕೈ ಹೇಗಿರುತ್ತದೆ ಎಂದು ಅವತ್ತೇ ತಿಳಿದದ್ದು. ಒರಟು ಕೈ, ಬೆಚ್ಚಗಿತ್ತು, ಹಸಿ ಶೇಂಗಾದ ವಾಸನೆ ಇತ್ತು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತೆ. ಗಾಳಿ ಎಂದಿನಂತೆ ಧೂಳು ತಂದು ಮುಖಕ್ಕೆ ಎರಚಿತು. ಬಿಳಿಚೋಡು ದಾಟುವವರೆಗೂ ಆ ಕೈ ನನ್ನ ಎಡಗೆನ್ನೆಯ ಮೇಲೆ ಹಾಗೇ ಇತ್ತು.